ಸವೆದದ್ದು ಪ್ಯಾಡು, ಕೆಟ್ಟದ್ದು ಪಿನ್ನು

(ದೇಸೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಅಂದರೆ ವಚನ, ಕೀರ್ತನೆ, ಇಲ್ಲವೆ ಯಾರಾದರೂ ಮಹನೀಯರ ಜೀವನ ಎಂಬುದು ರೂಢಿ. ಈ ದತ್ತಿ ಇಟ್ಟವರು ಜೀವಮಾನವೆಲ್ಲ ಲಾರಿ ನಡೆಸಿದವರು. 'ಕೈಯಿಂದ ಮಾಡುವ ಒಂದು ಕೆಲಸದ ಬಗ್ಗೆ ವರ್ಷಕ್ಕೊಮ್ಮೆ ಯಾರಾದರೂ ಮಾತಾಡಲಿ' ಎಂದಷ್ಟೇ ಅವರು ಬರೆಸಿಟ್ಟದ್ದಂತೆ. ಮೂವತ್ತು ವರ್ಷ ಹುಡುಗರಿಗೆ ಮೆಕ್ಯಾನಿಕಲ್ ಪಾಠ ಹೇಳಿದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಪರವಾನಗಿ ಬೇಕಿಲ್ಲ. ಆದ್ದರಿಂದ ಈ ಮೇಜಿನ ಮೇಲಿದ್ದ ಹೂದಾನಿಯನ್ನು ಕೆಳಗಿಡಿಸಿ, ಹಳೇ ಪತ್ರಿಕೆ ಹಾಸಿ, ನಾಲ್ಕು ಬ್ರೇಕ್ ಪ್ಯಾಡುಗಳನ್ನು ಇಟ್ಟಿದ್ದೇನೆ. ಸಂಘಟಕರಿಗೆ ಸ್ವಲ್ಪ ಮುಜುಗರವಾಗಿದೆ ಎಂದು ಬಲ್ಲೆ.

ನಾಲ್ಕೂ ನನ್ನದೇ ಹಳೆಯ ಕಾರಿನವು, ಮುಂದಿನ ಎರಡು ಗಾಲಿಗಳದು. ವರ್ನಿಯರ್ ಇಟ್ಟು ಅಳೆದು ಹಿಂಬದಿಯ ತಗಡಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿದ್ದೇನೆ. ಬಲಗಾಲಿಯ ಒಳಗಿನದು 7 ಮಿಲಿಮೀಟರ್, ಹೊರಗಿನದು ಏಳೂವರೆ. ಎಡಗಾಲಿಯ ಹೊರಗಿನದು 8. ಎಡಗಾಲಿಯ ಒಳಗಿನದು ಒಂದು ತುದಿಯಲ್ಲಿ 4, ಇನ್ನೊಂದು ತುದಿಯಲ್ಲಿ ಎರಡೂವರೆ. ಹೊಸದಿದ್ದಾಗ ಇವು ನಾಲ್ಕೂ ಸುಮಾರು 10 ಮಿಲಿಮೀಟರ್ ದಪ್ಪ ಇದ್ದವು. 3ಕ್ಕೆ ಇಳಿದರೆ ಬದಲಿಸಬೇಕು ಎಂಬುದು ಗ್ಯಾರೇಜುಗಳ ಸಾಮಾನ್ಯ ಲೆಕ್ಕ. ಅಂದರೆ ಮೂರು ಪ್ಯಾಡುಗಳಿಗೆ ಇನ್ನೂ ಅರ್ಧ ಆಯುಷ್ಯಕ್ಕಿಂತ ಹೆಚ್ಚು ಉಳಿದಿರುವಾಗ ನಾಲ್ಕನೆಯದು ಮುಗಿದೇಹೋಗಿತ್ತು. ಒಂದೇ ಕಾರು, ಒಂದೇ ಪೆಡಲು, ಒಂದೇ ಕಾಲು.

ಆ ಕಾರಿಗೆ ಎರಡು ವರ್ಷದಲ್ಲಿ ಎರಡು ಸಲ ಮುಂದಿನ ಪ್ಯಾಡ್ ಹಾಕಿಸಿದ್ದೆ. ಯಾವ ಗ್ಯಾರೇಜು ಎಂಬುದು ಇಲ್ಲಿ ಬೇಡ. ಎರಡೂ ಸಲ ಬಿಲ್ಲು ಬಂತು, ಹಳೇ ಪ್ಯಾಡ್ ಬರಲಿಲ್ಲ. ಕೇಳಬೇಕು ಎಂದು ನನಗೂ ತೋಚಲಿಲ್ಲ. ಪಾಠ ಹೇಳುವವನಿಗೆ ತೋಚದೆ ಹೋದದ್ದು ನಾಚಿಕೆಯ ಸಂಗತಿ. ಮೂರನೆಯ ಸಲ ಕಾರು ಎಡಕ್ಕೆ ಎಳೆಯತೊಡಗಿದಾಗ ಇದೇ ಖಾನಾಪುರ ರಸ್ತೆಯ ಬದಿಯಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದ ಒಬ್ಬ ಮಿಸ್ತ್ರಿಯ ಮುಂದೆ ನಿಲ್ಲಿಸಿದೆ. ಆತ ಗಾಲಿ ಬಿಚ್ಚುವ ಮೊದಲೇ ಕೇಳಿದ:

"ಸರ್, ಹಿಂದಿನ ಸಲ ತಗದ ಪ್ಯಾಡ್ ಎಲ್ಲಿ ಅದಾವ್ರಿ?"

"ಗ್ಯಾರೇಜಿನವರು ಒಗದಿರಬೇಕಪಾ."

"ಒಗದ್ರಾ? ಪೇಶಂಟ್ ಉಳಿಸ್ಕೊಂಡು ರಿಪೋರ್ಟ್ ಒಗದಂಗಾತಲ್ರಿ."

ಗಾಲಿ ಬಿಚ್ಚಿ, ನಾಲ್ಕೂ ಪ್ಯಾಡ್ ತೆಗೆದು, ಒಂದು ಗೋಣಿಚೀಲದ ಮೇಲೆ ಕಾರಿನಲ್ಲಿ ಹೇಗಿದ್ದವೋ ಹಾಗೆಯೇ ಎಡಬಲ, ಒಳಹೊರ ಎಂದು ಜೋಡಿಸಿಟ್ಟ. ಆಮೇಲೆ ಸುಮ್ಮನೆ ಕೂತು ಬೀಡಿ ಸೇದಿದ. ಆ ಐದು ನಿಮಿಷ ಆತ ಓದುತ್ತಿದ್ದ ಎಂಬುದು ನನಗೆ ಆಮೇಲೆ ತಿಳಿಯಿತು.

ನಮ್ಮ ಈ ಭಾಗದಲ್ಲಿ ಸವೆತಕ್ಕೆ ಮಾತುಗಳಿಗೇನೂ ಬರವಿಲ್ಲ. ಕನ್ನಡದಲ್ಲಿ ಸವೆಯುತ್ತದೆ, ತೇಯುತ್ತದೆ. ಪಕ್ಕದ ಮನೆಯ ಮರಾಠಿಯಲ್ಲಿ ಝಿಜತೆ. ಮಿಸ್ತ್ರಿಗಳು ಒಂದೇ ವಾಕ್ಯದಲ್ಲಿ ಮೂರನ್ನೂ ಬಳಸುತ್ತಾರೆ. ನನಗೆ 'ತೇಯು' ಹೆಚ್ಚು ಇಷ್ಟ. ದೇವರಕೋಣೆಯಲ್ಲಿ ಗಂಧದ ಕೊರಡನ್ನು ನೋಡಿದ್ದೀರಿ. ತೇಯುವವರ ಕೈ ನೆಟ್ಟಗಿದ್ದರೆ ಕೊರಡಿನ ಮುಖ ಸಪಾಟಾಗಿ ಇಳಿಯುತ್ತದೆ. ಕೈ ಒಂದು ಕಡೆ ವಾಲಿದರೆ ಮುಖ ಓರೆಯಾಗುತ್ತದೆ. ಓರೆಯಾದ ಕೊರಡನ್ನು ನೋಡಿ ಯಾರೂ ಗಂಧದ ಮರ ಕೆಟ್ಟದ್ದು ಎನ್ನುವುದಿಲ್ಲ. ತೇದವರ ಕೈಯನ್ನು ನೋಡುತ್ತಾರೆ. ಬ್ರೇಕಿನ ವಿಷಯಕ್ಕೆ ಬಂದಾಗ ಮಾತ್ರ ನಾವು ಕೊರಡು ಬದಲಿಸಿ ಮನೆಗೆ ಹೋಗುತ್ತೇವೆ.

ಕೈ ಯಾವುದು ಎಂದು ಈಗ ನೋಡೋಣ. ಗಾಲಿಯ ಜೊತೆ ತಿರುಗುವ ಬೀಡಿನ ತಟ್ಟೆ ಡಿಸ್ಕು. ಅದರ ಎರಡು ಬದಿಗೆ ಎರಡು ಪ್ಯಾಡು. ಎರಡನ್ನೂ ತಬ್ಬಿಕೊಂಡಂತೆ ಕೂತಿರುವುದು ಕ್ಯಾಲಿಪರ್. ನಮ್ಮ ಸಾಮಾನ್ಯ ಕಾರು, ಮೋಟರ್‌ಸೈಕಲ್ಲುಗಳಲ್ಲಿ ಪಿಸ್ಟನ್ ಇರುವುದು ಒಂದೇ ಬದಿಗೆ. ಕಾರಿನಲ್ಲಿ ಅದು ಒಳಬದಿ. ಹಾಗಾದರೆ ಹೊರಗಿನ ಪ್ಯಾಡನ್ನು ಒತ್ತುವವರು ಯಾರು? ಇಲ್ಲೇ ಜಾಣತನ ಇರುವುದು. ಕ್ಯಾಲಿಪರಿನ ಮೈಯನ್ನು ಗಟ್ಟಿಯಾಗಿ ಬಿಗಿದಿರುವುದಿಲ್ಲ. ಕಿರುಬೆರಳಿನಷ್ಟಿರುವ ಎರಡು ಪಿನ್ನುಗಳ ಮೇಲೆ ಅದು ಒಳಹೊರಗೆ ಜಾರುವಂತೆ ಕೂರಿಸಿರುತ್ತಾರೆ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ, ಅದೇ ಬಲದ ಎದುರೇಟಿಗೆ ಕ್ಯಾಲಿಪರಿನ ಮೈ ಒಳಕ್ಕೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಂಡು ಬಂದು ಡಿಸ್ಕಿನ ಇನ್ನೊಂದು ಬದಿಗೆ ಅಪ್ಪಳಿಸುತ್ತದೆ. ಬ್ರೇಕ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಏನೂ ಇಲ್ಲ. ಪಿಸ್ಟನ್ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಬಳೆ ಒತ್ತುವಾಗ ಸ್ವಲ್ಪ ತಿರುಚಿಕೊಂಡಿರುತ್ತದೆ. ಬಿಟ್ಟಾಗ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಅಷ್ಟೇ ಬಿಡುವು. ಗಂಟೆಗೆ ನೂರು ಕಿಲೋಮೀಟರ್ ಓಡುವ ಗಾಡಿಯ ಪ್ಯಾಡಿಗೂ ಡಿಸ್ಕಿಗೂ ನಡುವೆ ಇರುವ ಅಂತರ ಇಷ್ಟೇ ಎಂದು ಹೇಳಿದರೆ ನನ್ನ ವಿದ್ಯಾರ್ಥಿಗಳು ನಂಬುತ್ತಿರಲಿಲ್ಲ.

ಹೈಡ್ರಾಲಿಕ್ ಸಾಮಾನು ಮಾಡುವುದರಲ್ಲಿ ಹೆಸರಾದ ಬೆಳಗಾವಿಯ ಮಗ್ಗುಲಲ್ಲಿ ನಿಂತು ಪಾಸ್ಕಲ್ ನಿಯಮ ಹೇಳುವುದು ಹುಬ್ಬಳ್ಳಿಯವರಿಗೆ ಮಿರ್ಚಿ ಭಜಿ ಮಾಡುವುದನ್ನು ಕಲಿಸಿದಂತೆ. ಆದರೂ ಒಂದು ಮಾತು. ಮುಚ್ಚಿದ ಕೊಳವೆಯಲ್ಲಿರುವ ಎಣ್ಣೆ ತನ್ನ ಒತ್ತಡವನ್ನು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ. ಅದಕ್ಕೆ ಎಡಗಾಲಿ ಮೇಲು, ಬಲಗಾಲಿ ಕೀಳು ಎಂಬುದಿಲ್ಲ. ಹಂಚಿಕೆ ಸಮ ಇದ್ದೂ ಸವೆತ ಸಮ ಇಲ್ಲ ಎಂದಾದರೆ ಎಣ್ಣೆಯ ದಾರಿಯಲ್ಲಿ ಎಲ್ಲೋ ತಡೆ ಇದೆ, ಅಥವಾ ಎಣ್ಣೆ ಒತ್ತಿದ ಮೇಲೆ ಚಲಿಸಬೇಕಾದ ಲೋಹ ಚಲಿಸುತ್ತಿಲ್ಲ. ಹತ್ತರಲ್ಲಿ ಎಂಟು ಸಲ ಎರಡನೆಯದೇ ಎಂಬುದು ನನ್ನ ಅನುಭವ.

ಮಿಸ್ತ್ರಿ ಬೀಡಿ ಮುಗಿಸಿ ಎದ್ದವನೇ ಎಡ ಕ್ಯಾಲಿಪರಿನ ಮೇಲಿನ ಪಿನ್ನನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಬೆಣ್ಣೆಯಲ್ಲಿ ಚಾಕು ಬಂದಂತೆ ಬಂತು. ಕೆಳಗಿನದಕ್ಕೆ ಕೈ ಹಾಕಿದ, ಬರಲಿಲ್ಲ. ತಿರುಪಿದ, ಅಲುಗಲಿಲ್ಲ. ಅದರ ಮೇಲಿನ ರಬ್ಬರ್ ಟೊಪ್ಪಿಗೆ ಒಂದು ಕಡೆ ಹರಿದಿತ್ತು, ಒಳಗೆ ಖಾನಾಪುರದ ಕೆಂಪು ಮಣ್ಣು ಸಿಮೆಂಟಿನಂತೆ ಗಟ್ಟಿಯಾಗಿತ್ತು. "ಇದ ನೋಡ್ರಿ ಕಳ್ಳ" ಎಂದ. ಒಂದು ಪಿನ್ನು ಜಾರುತ್ತದೆ, ಇನ್ನೊಂದು ಜಾರುವುದಿಲ್ಲ. ಹಾಗಾಗಿ ಕ್ಯಾಲಿಪರ್ ನೆಟ್ಟಗೆ ಸರಿಯದೆ ಓರೆಯಾಗಿ ಸೆಡೆಯುತ್ತದೆ. ಹೊರಗಿನ ಪ್ಯಾಡು ಡಿಸ್ಕಿಗೆ ಸರಿಯಾಗಿ ತಾಗುವುದೇ ಇಲ್ಲ. ಕೆಲಸವೆಲ್ಲ ಒಳಗಿನದರ ತಲೆಗೆ. ಬ್ರೇಕ್ ಬಿಟ್ಟಾಗಲೂ ಮೈ ಓರೆಯಾಗಿಯೇ ಸಿಕ್ಕಿಕೊಂಡಿರುವ ಕಾರಣ ಒಳಗಿನದು ತುಸು ಉಜ್ಜುತ್ತಲೇ ಇರುತ್ತದೆ. ಅದಕ್ಕೇ ಅದು ಎರಡೂವರೆಗೆ ಇಳಿದದ್ದು, ಅದೂ ಗಂಧದ ಕೊರಡಿನಂತೆ ಓರೆಯಾಗಿ. ನಾನು ಎರಡು ಸಲ ಹೊಸ ಪ್ಯಾಡ್ ಹಾಕಿಸಿದ್ದು ಆ ಪಿನ್ನಿಗೆ ನೈವೇದ್ಯ ಕೊಟ್ಟಂತಾಗಿತ್ತು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ತಪ್ಪುವುದು ಇಲ್ಲೇ. ಹೆಚ್ಚು ಸವೆದ ಪ್ಯಾಡು ಅನೇಕ ಸಲ ದುಡಿದ ಪ್ಯಾಡು. ಸವೆಯದೆ ಹೊಳೆಯುತ್ತ ಕೂತಿರುವುದೇ ಕಳ್ಳಬಿದ್ದದ್ದು. ಎಡಗಾಲಿಯ ಎರಡೂ ಪ್ಯಾಡು ಬಲದವಕ್ಕಿಂತ ಬೇಗ ಮುಗಿದವು ಎನ್ನಿ. ಎಡಗಡೆ ಬ್ರೇಕು ಬಿಡುತ್ತಿಲ್ಲ ಎಂದೂ ಆಗಬಹುದು, ಬಲಗಡೆ ಹಿಡಿಯುತ್ತಲೇ ಇಲ್ಲ ಎಂದೂ ಆಗಬಹುದು. ಬಿಚ್ಚದೆಯೇ ಇದನ್ನು ಬೇರ್ಪಡಿಸಲು ಒಂದು ದಾರಿ ಇದೆ. ಖಾಲಿ, ಸಪಾಟು ರಸ್ತೆಯಲ್ಲಿ ಬ್ರೇಕ್ ಮುಟ್ಟದೆ ಓಡಿಸಿ. ಆಗಲೂ ಗಾಡಿ ಎಡಕ್ಕೆ ವಾಲುತ್ತಿದ್ದು, ನಿಲ್ಲಿಸಿದ ಮೇಲೆ ಎಡಗಾಲಿಯ ಹತ್ತಿರ ಹಿಂಗೈ ಒಯ್ದರೆ ಬಲಕ್ಕಿಂತ ಹೆಚ್ಚು ಕಾವು ಬಡಿದರೆ ಎಡಗಡೆ ಬಿಡುತ್ತಿಲ್ಲ. ಮುಟ್ಟಬೇಡಿ, ಹತ್ತಿರ ಒಯ್ದರೆ ಸಾಕು. ಬ್ರೇಕ್ ಒತ್ತಿದಾಗ ಮಾತ್ರ ಎಡಕ್ಕೆ ಎಳೆದರೆ ಮೊದಲು ಬಲಗಾಲಿ ಬಿಚ್ಚಿ. ಸೋಮಾರಿ ಅಲ್ಲಿದ್ದಾನೆ.

ಬಿಡುತ್ತಿಲ್ಲ ಎಂದು ಖಾತ್ರಿಯಾದ ಮೇಲಿನ ಪರೀಕ್ಷೆ ನನಗೆ ಬಹಳ ಪ್ರಿಯವಾದದ್ದು. ಪರೀಕ್ಷೆಯಲ್ಲಿ ಪ್ರತಿ ವರ್ಷ ಕೇಳುತ್ತಿದ್ದೆ, ಪ್ರತಿ ವರ್ಷ ಅರ್ಧ ಹುಡುಗರು ತಪ್ಪುತ್ತಿದ್ದರು. ಗಾಡಿಯನ್ನು ಜ್ಯಾಕಿನ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಒಬ್ಬರು ಪೆಡಲ್ ಒತ್ತಿ ಬಿಡಬೇಕು. ಗಾಲಿಯನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದೆಯೆ? ಆಗ ಕ್ಯಾಲಿಪರಿನ ಬ್ಲೀಡರ್ ತಿರುಪನ್ನು ಸ್ವಲ್ಪ ಸಡಿಲಿಸಿ. ಎಣ್ಣೆ ಚಿಮ್ಮಿ ಗಾಲಿ ಸರಾಗವಾದರೆ ಕ್ಯಾಲಿಪರಿನ ತಪ್ಪಲ್ಲ. ಅದಕ್ಕೆ ಬರುವ ರಬ್ಬರ್ ಹೋಸಿನದು. ಹಳೆಯ ಹೋಸು ಹೊರಗೆ ಚೆನ್ನಾಗಿ ಕಂಡರೂ ಒಳಪದರ ಕಿತ್ತು ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ಕಾಲಿನ ಬಲ ಎಣ್ಣೆಯನ್ನು ಒಳಗೆ ತಳ್ಳುತ್ತದೆ, ವಾಪಸು ಬರಲು ಬಲವಿಲ್ಲ. ಬ್ಲೀಡರ್ ಸಡಿಲಿಸಿದರೂ ಗಾಲಿ ಬಿಗಿಯಾಗಿಯೇ ಉಳಿದರೆ ಎಣ್ಣೆಯ ಮಾತು ಬಿಡಿ. ಪಿಸ್ಟನ್ ತುಕ್ಕು ಹಿಡಿದಿದೆ, ಇಲ್ಲವೆ ಪಿನ್ನು, ಇಲ್ಲವೆ ಪ್ಯಾಡಿನ ಕಿವಿಗಳು ಕೂರುವ ತೋಡಿನಲ್ಲಿ ತುಕ್ಕು ಉಬ್ಬಿ ಪ್ಯಾಡನ್ನೇ ಕಚ್ಚಿಕೊಂಡಿದೆ. ಈ ಕೊನೆಯದನ್ನು ಎಷ್ಟೋ ಕಡೆ ಸುತ್ತಿಗೆಯಿಂದ ವಾಸಿ ಮಾಡುತ್ತಾರೆ: ಹೊಸ ಪ್ಯಾಡು ಕೂರದಿದ್ದರೆ ಎರಡು ಏಟು. ಏಟು ತಿಂದು ಕೂತ ಪ್ಯಾಡು ಮತ್ತೆ ಸರಿಯುತ್ತದೆಯೆ? ಕಾನಸು ಹಿಡಿದು ತುಕ್ಕು ಕೆರೆಯಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷಕ್ಕೆ ಬಿಲ್ಲಿನಲ್ಲಿ ಸಾಲಿಲ್ಲ.

ಹೊರಗಿನ ಪ್ಯಾಡೇ ಹೆಚ್ಚು ಸವೆಯುವುದು ಅಪರೂಪ, ಆದರೂ ಉಂಟು. ಮೈ ಒಳಕ್ಕೆ ಜಾರಿ ವಾಪಸು ಜಾರದಿದ್ದಾಗ ಹಾಗಾಗುತ್ತದೆ. ಒಳಗಿನದು ಹೊರಗಿನದಕ್ಕಿಂತ ಒಂದಿಷ್ಟು ಹೆಚ್ಚು ಸವೆದಿದ್ದರೆ, ಗಾಲಿ ತಿರುಗುವ ದಿಕ್ಕಿಗೆ ಎದುರಾಗುವ ತುದಿ ತುಸು ತೆಳುವಾಗಿದ್ದರೆ ಗಾಬರಿ ಬೇಡ, ಅದು ಸ್ವಭಾವ. ದೊಡ್ಡ ಗಾಡಿಗಳ ಅನೇಕ ಪಿಸ್ಟನ್ನಿನ ಕ್ಯಾಲಿಪರುಗಳಲ್ಲಿ ಎದುರು ತುದಿಯ ಪಿಸ್ಟನ್ನನ್ನು ಬೇಕೆಂದೇ ಸಣ್ಣದು ಮಾಡುತ್ತಾರೆ, ಈ ಸ್ವಭಾವವನ್ನು ತಿದ್ದಲು. ಮುಂದಿನ ಪ್ಯಾಡು ಹಿಂದಿನದಕ್ಕಿಂತ ಬೇಗ ಮುಗಿಯುವುದೂ ಜಗಳವಲ್ಲ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ.

ಒಳಗಿನ ಪ್ಯಾಡಿನ ಕಾಯಿಲೆ ಇಷ್ಟು ದಿನ ಮುಚ್ಚಿಕೊಂಡಿರುವುದಕ್ಕೆ ಸರಳ ಕಾರಣ: ಅದು ಕಾಣುವುದಿಲ್ಲ. ಅಲಾಯ್ ಗಾಲಿಯ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ 'ಇನ್ನೂ ಬೇಕಾದಷ್ಟು ಐತ್ರಿ' ಎನ್ನುವವರು ನೋಡಿದ್ದು ಹೊರಗಿನದನ್ನು. ನನ್ನ ಕಾರಿನಲ್ಲಿ ಹಾಗೆ ನೋಡಿದ್ದರೆ 8 ಮಿಲಿಮೀಟರ್ ಕಾಣುತ್ತಿತ್ತು. ಅದರ ಬೆನ್ನಿಗೇ ಎರಡೂವರೆ.

ಈಗ ನಮ್ಮ ಊರಿನ ಮಾತು. ಇದೇ ರೋಗ ಬೇರೆಡೆಯೂ ಇದೆ, ಆದರೆ ನಮ್ಮಲ್ಲಿ ಅದಕ್ಕೆ ಎರಡು ವಿಶೇಷ ಗೊಬ್ಬರ ಸಿಗುತ್ತದೆ: ಮಳೆ ಮತ್ತು ಘಾಟು. ಪೀರನವಾಡಿಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಇದೇ ದೇಸೂರು, ಖಾನಾಪುರದ ಮೇಲೆ ಅನಮೋಡ ಘಾಟಿಗೆ. ಇನ್ನೊಂದು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾಕ್ಕೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆಯನ್ನು ನಿಮಗೆ ವರ್ಣಿಸಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ರಸ್ತೆಯ ಗಾಡಿಗಳ ಹೊಟ್ಟೆ ಒಣಗುವುದೇ ಇಲ್ಲ. ಟೊಪ್ಪಿಗೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಕೆಂಪು ನೀರು ಒಳಗೆ ಹೋಗುತ್ತದೆ, ದೀಪಾವಳಿಯ ಹೊತ್ತಿಗೆ ಪಿನ್ನು ಬೇರು ಬಿಟ್ಟಿರುತ್ತದೆ. ಮಳೆಗಾಲವಿಡೀ ಅಂಗಳದಲ್ಲಿ ನಿಂತೇ ಇದ್ದ ಗಾಡಿಯದು ಇನ್ನೂ ಕಷ್ಟ.

ಘಾಟಿನ ಲೆಕ್ಕ ನೋಡಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. 1,200 ಕಿಲೋ ತೂಗುವ ಕಾರು ಗೋವಾದ ಕಡೆಗೆ 700 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಎಂಬತ್ತು ಲಕ್ಷ ಜೂಲ್ ದಾಟುತ್ತದೆ. ಜೂಲು ಯಾರಿಗೂ ಅರ್ಥವಾಗುವುದಿಲ್ಲ, ನನಗೂ ಅಷ್ಟಕ್ಕಷ್ಟೆ. ಹೀಗೆ ಹೇಳುತ್ತೇನೆ: 26 ಲೀಟರ್ ತಣ್ಣೀರನ್ನು, ಅಂದರೆ ಒಬ್ಬರ ಸ್ನಾನದ ಹಂಡೆಯನ್ನು, ಕುದಿ ಬರಿಸುವಷ್ಟು ಕಾವು. ಅದರಲ್ಲಿ ಒಂದು ಪಾಲನ್ನು ಗಾಳಿ ಒಯ್ಯುತ್ತದೆ, ಕೆಳ ಗೇರಿನಲ್ಲಿ ಇಳಿದರೆ ದೊಡ್ಡ ಪಾಲನ್ನು ಇಂಜಿನ್ ಹೊರುತ್ತದೆ. ಉಳಿದದ್ದೆಲ್ಲ ಡಿಸ್ಕುಗಳ ಪಾಲು. ಎಂಟು ಕಡೆ ಹಂಚಿಹೋಗಬೇಕಾದ ಕಾವು ಪಿನ್ನು ಜಾಮಾದ ಗಾಡಿಯಲ್ಲಿ ಕೆಲವೇ ಕಡೆ ಗುಡ್ಡೆ ಬೀಳುತ್ತದೆ. ಅಲ್ಲಿನ ಬ್ರೇಕ್ ಆಯಿಲ್ ಕುದಿಯುತ್ತದೆ. ಡಾಟ್ 4 ಎಣ್ಣೆ ಹೊಸದಿದ್ದಾಗ 230 ಡಿಗ್ರಿಯವರೆಗೂ ತಡೆಯಬೇಕು. ಅದು ಗಾಳಿಯಿಂದ ನೀರು ಹೀರುವ ಜಾತಿ, ನೀರು ಹೀರಿದ ಮೇಲೆ ಮಾನದಂಡ ಕೇಳುವುದು 155 ಡಿಗ್ರಿಯನ್ನಷ್ಟೆ. ಕುದಿದ ಎಣ್ಣೆಯಲ್ಲಿ ಆವಿಯ ಗುಳ್ಳೆ ಇರುತ್ತದೆ, ಗುಳ್ಳೆಯನ್ನು ಒತ್ತಿದರೆ ಕುಗ್ಗುತ್ತದೆ, ಪೆಡಲು ತಳ ಮುಟ್ಟುತ್ತದೆ. ಮಳೆಯ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ ಎಂದು ನಾನು ಪೀಡಿಸುವುದು ಇದಕ್ಕೇ. ಚೋರ್ಲಾದ ಒಂದು ತಿರುವಿನಲ್ಲಿ ನನಗೆ ಒಮ್ಮೆ ಪೆಡಲ್ ಅರ್ಧಕ್ಕೆ ಇಳಿದಿತ್ತು. ಎರಡನೇ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ಏನೂ ಅನ್ನಲಿಲ್ಲ. ಅದೇ ಹೆಚ್ಚು ಭಯವಾಯಿತು.

ದೇಸೂರು ಸ್ಟೇಷನ್ನಿನ ಮುಂದೆ ಹಾಯುವ ಹಳಿಯ ಮೇಲೆ ಈ ಭಯವನ್ನು ನೂರಕ್ಕೂ ಹೆಚ್ಚು ವರ್ಷದಿಂದ ಲೆಕ್ಕಕ್ಕೆ ಹಿಡಿದಿದ್ದಾರೆ. ಈ ಹಳಿ ಖಾನಾಪುರ ದಾಟಿ ಲೋಂಡಾದಲ್ಲಿ ಗೋವಾದ ಹಳಿಗೆ ಕೂಡುತ್ತದೆ. ಅಲ್ಲಿಂದ ಮುಂದೆ ಕ್ಯಾಸಲ್‌ರಾಕ್. ಅದರಾಚೆ ಪೋರ್ಚುಗೀಸರ ಕಾಲದಲ್ಲಿ, 1880ರ ದಶಕದಲ್ಲಿ, ಹಾಸಿದ ಬ್ರಗಾಂಜಾ ಘಾಟು. ಕುಳೆಂವರೆಗೆ ಸುಮಾರು 26 ಕಿಲೋಮೀಟರ್. ಕಡಿದಾದ ಕಡೆ 37 ಅಡಿಗೆ 1 ಅಡಿ ಇಳಿತ. ರಸ್ತೆಗೆ ಇದೇನೂ ಅಲ್ಲ, ರೈಲಿಗೆ ಭಯಂಕರ. ಅಲ್ಲಿ ಬ್ರೇಕಿನ ಬಲ ಪರೀಕ್ಷೆಯಾಗದೆ ಗಾಡಿ ಇಳಿಯುವುದಿಲ್ಲ. ಗಾಲಿಗೆ ಒತ್ತುವ ಬ್ಲಾಕುಗಳಲ್ಲಿ ಒಂದು ತೆಳ್ಳಗಾಗಿ ಪಕ್ಕದ್ದು ದಪ್ಪಗಿದ್ದರೆ, ಬ್ಲಾಕು ಬದಲಿಸಿದರಷ್ಟೇ ಸಾಲದು; ಅದನ್ನು ಎಳೆಯುವ ಸನ್ನೆಗೋಲುಗಳ ಸರಪಣಿಯಲ್ಲಿ ಎಲ್ಲಿ ಕಚ್ಚಿಕೊಂಡಿದೆ ಎಂದು ಹುಡುಕಬೇಕು. ನನ್ನ ಮಿಸ್ತ್ರಿ ಮಾಡಿದ್ದೂ ಅದನ್ನೇ. ರೈಲಿಗೆ ಇನ್ನೊಂದು ಭಾಗ್ಯವಿದೆ. ವೆಸ್ಟಿಂಗ್‌ಹೌಸ್ 1872ರಲ್ಲಿ ರೂಪಿಸಿದ ಸ್ವಯಂಚಾಲಿತ ಏರ್ ಬ್ರೇಕಿನಲ್ಲಿ ಗಾಳಿ ಸೋರಿದರೆ ಬ್ರೇಕು ತಾನೇ ಬೀಳುತ್ತದೆ. ನಮ್ಮ ಕಾರಿನಲ್ಲಿ ಎಣ್ಣೆ ಸೋರಿದರೆ ಬ್ರೇಕು ಹೋಗುತ್ತದೆ. ಅದಕ್ಕೇ ಕೊಳವೆಗಳನ್ನು ಎರಡು ಪಾಲು ಮಾಡಿ, ಒಂದು ಹೋದರೆ ಇನ್ನೊಂದು ಉಳಿಯಲಿ ಎಂದು ಇಟ್ಟಿದ್ದಾರೆ.

ಮಿಸ್ತ್ರಿಯ ಕಥೆಯ ಉಳಿದರ್ಧ ಹೇಳಿಬಿಡುತ್ತೇನೆ. ಪಿನ್ನನ್ನು ಕಾಯಿಸಿ, ತಿರುಪಿ, ಅರ್ಧ ತಾಸಿಗೆ ಹೊರಗೆ ತಂದ. ಕುಳಿಬಿದ್ದಿತ್ತು, ಹೊಸದನ್ನೇ ತರಿಸಿದ, ಟೊಪ್ಪಿಗೆಗಳ ಕಿಟ್ಟೂ ಸೇರಿ. ಆ ಪಿನ್ನು, ಕಿಟ್ಟಿನ ದುಡ್ಡು ಒಂದು ಜೊತೆ ಪ್ಯಾಡಿಗಿಂತ ಕಡಿಮೆ. ಎರಡು ಪಿನ್ನು ನೋಡಲು ಅವಳಿಜವಳಿ, ಆದರೆ ಒಂದರ ತುದಿಗೆ ರಬ್ಬರ್ ಬಳೆ ಇತ್ತು. ಯಾವುದು ಮೇಲೆ, ಯಾವುದು ಕೆಳಗೆ ಎಂದು ಬಿಚ್ಚುವಾಗಲೇ ಗುರುತು ಮಾಡಿದ್ದ. ಅದಲುಬದಲಾದರೆ ಮತ್ತೆ ಅದೇ ರೋಗ. ಅಷ್ಟರಲ್ಲಿ ಅವನ ಕೈಕೆಳಗಿನ ಹುಡುಗ ಡಬ್ಬಿಯಿಂದ ಬೇರಿಂಗ್ ಗ್ರೀಸ್ ತೆಗೆದು ಪಿನ್ನಿಗೆ ಮೆತ್ತಲು ಹೋದ. ಮಿಸ್ತ್ರಿ ಹುಡುಗನ ಕೈ ಹಿಡಿದ. "ಅದನ್ನ ಹಚ್ಚಿದ್ರ ರಬ್ಬರ್ ಬಾತ್ಕೋತೈತೋ." ಸರಿಯಾಗಿ ಹೇಳಿದ. ಪೆಟ್ರೋಲಿಯಂ ಗ್ರೀಸು ಬ್ರೇಕಿನ ರಬ್ಬರನ್ನು ಉಬ್ಬಿಸುತ್ತದೆ, ಉಬ್ಬಿದ ರಬ್ಬರು ಪಿನ್ನನ್ನು ಮಣ್ಣಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಸಿಲಿಕೋನ್ ಗ್ರೀಸೇ ಬೇಕು, ಅದೂ ತೆಳುವಾಗಿ. ನಾನು ತರಗತಿಯಲ್ಲಿ ಒಂದು ಪುಟ ಬರೆಸುತ್ತಿದ್ದುದನ್ನು ಆತ ನಾಲ್ಕು ಶಬ್ದದಲ್ಲಿ ಮುಗಿಸಿದ್ದ. ಡಿಸ್ಕಿನ ದಪ್ಪವನ್ನೂ ಅಳೆದ. ಕನಿಷ್ಠ ಎಷ್ಟಿರಬೇಕು ಎಂಬುದು ಅದರ ಅಂಚಿನಲ್ಲೇ ಅಚ್ಚಾಗಿರುತ್ತದೆ, ಒರೆಸಿ ನೋಡುವವರು ಕಡಿಮೆ. ಇನ್ನೂ ನಡೆಯುತ್ತದೆ ಎಂದ.

ದ್ವಿಚಕ್ರ ವಾಹನದವರು ಇದು ಕಾರಿನವರ ಪುರಾಣ ಎಂದು ಏಳಬೇಡಿ. ನಿಮ್ಮ ಮುಂದಿನ ಗಾಲಿಯ ಕ್ಯಾಲಿಪರೂ ಬಹುಮಟ್ಟಿಗೆ ಇದೇ ಜಾರುವ ಜಾತಿ, ಪಿನ್ನು ಇನ್ನೂ ಸಣ್ಣದು, ಕೆಸರಿಗೆ ಇನ್ನೂ ಹತ್ತಿರ. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆ ಎ.ಬಿ.ಎಸ್. ಕಡ್ಡಾಯ. ಅದು ಗಾಲಿ ಲಾಕ್ ಆಗದಂತೆ ನೋಡಿಕೊಳ್ಳುತ್ತದೆಯೇ ಹೊರತು ಜಾಮಾದ ಪಿನ್ನನ್ನು ಬಿಡಿಸುವುದಿಲ್ಲ.

ಸಮಯ ಆಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ಯಾಡುಗಳು ಇಲ್ಲೇ ಇರುತ್ತವೆ, ವರ್ನಿಯರ್ ಕೂಡ. ಹುಡುಗರು ಮುಂದೆ ಬಂದು ಎಡ ಒಳಗಿನದನ್ನು ಅಂಗೈಯಲ್ಲಿಟ್ಟು ಅದರ ಓರೆಯನ್ನು ಹೆಬ್ಬೆರಳಿಂದ ತಡವಿ ನೋಡಿ. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಪುಡಿಯನ್ನು ಮಾತ್ರ ಬಾಯಿಂದ ಊದಬೇಡಿ. ಹಳೆಯ ಕಾಲದ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು, ಯಾವುದರಲ್ಲಿ ಏನಿದೆ ಎಂದು ಮೇಲೆ ಬರೆದಿರುವುದಿಲ್ಲ. ಹಿಂದುಗಡೆ ನಳ ಇದೆ, ಸಾಬೂನು ಇಡಿಸಿದ್ದೇನೆ. ಕೈ ತೊಳೆದುಕೊಂಡು ಚಹಾಕ್ಕೆ ಬನ್ನಿ.